ಮೇಷ್ಟ್ರ ಬಲಗಾಲು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಲಗಾಲು ಎಂದೋ ಅವರ ಅಂಕೆ ಮೀರಿ ಹೋಗಿತ್ತು. ಅವರ ಪುಟ್ಟ ಬಿಳಿ ಕಾರಿನಲ್ಲಿ ಕಲಿಯುವವರ ಕಡೆ ಇರುವಂತೆ ಮೇಷ್ಟ್ರ ಕಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು. ಹೊಸಬರು ಕರೆಂಟು ಕಂಬಕ್ಕೆ ಗುರಿಯಿಟ್ಟವರಂತೆ ಹೊರಟಾಗ ಮೇಷ್ಟ್ರು 'ಅಯ್ಯೋ' ಅನ್ನುವುದಕ್ಕೆ ಮೊದಲೇ ಆ ಕಾಲು ಹೋಗಿ ಬ್ರೇಕಿನ ಮೇಲೆ ಕೂತಿರುತ್ತಿತ್ತು. ಅರ್ಧ ಆಯುಸ್ಸು ಹೀಗೆ ಕಳೆದ ಮೇಲೆ ಅದಕ್ಕೆ ಯಜಮಾನರ ಅಪ್ಪಣೆಯೇ ಬೇಡವಾಯಿತು.

ಹೆಂಡತಿಗೆ ಇದೊಂದು ತಮಾಷೆ. ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

"ನಮ್ಮನೆಯವ್ರ ಕಾಲು ಬಲು ಲೆಕ್ಕಾಚಾರದ್ದು ಕಣ್ರೀ. ಬಸ್ಸು ಹತ್ತಿದ ತಕ್ಷಣ ಗೊರಕೆ. ಬಸ್ಸು ಹಳ್ಳಕ್ಕೆ ಬಿದ್ರೂ ಕಾಲು ಮಿಸುಕಲ್ಲ. ಅದೇ ನಮ್ಮ ಕಾರು ಅನ್ನಿ, ಒಂದು ಕೋಳಿ ಅಡ್ಡ ಬಂದ್ರೆ ಸಾಕು, ನೆಲ ತೂತಾಗೋ ಹಾಗೆ ಒತ್ತುತ್ತಾರೆ. ತಮ್ಮದು ಅಂದ್ರೆ ಮಾತ್ರ ಜೀವ ಹೋಗತ್ತೆ ಇವ್ರಿಗೆ."

ಮೇಷ್ಟ್ರು ಪೆಚ್ಚಾಗಿ ನಗುತ್ತಿದ್ದರು. ಒಬ್ಬಳೇ ಮಗಳು ಅಮ್ಮನ ತೊಡೆಗೆ ತಟ್ಟಿ ತಟ್ಟಿ ನಗುತ್ತಿದ್ದಳು.

ಮಗಳು ವಾರವೆಲ್ಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಕತ್ತರಿಸಿ ಕೊಡುವವಳು. ಭಾನುವಾರ ಮಧ್ಯಾಹ್ನ ಮಾತ್ರ ಅವಳು ಬೇರೆಯೇ ಆಗುತ್ತಿದ್ದಳು. ಹಳೇ ಸಿನಿಮಾ ಮಂದಿರದ ಹಿಂದಿನ ಗೇಮ್ ಅಂಗಡಿಯಲ್ಲಿ ಅವಳ ಹೆಸರು ಗುಬ್ಬಿ. ಕುರ್ಚಿಯ ತುದಿಯಲ್ಲಿ ಮೈ ಮುದುಡಿಕೊಂಡು ಕೂರುತ್ತಿದ್ದುದರಿಂದ ಬಂದ ಹೆಸರು. ಆ ಅಂಗಡಿಯಲ್ಲಿ ಸಾಲಾಗಿ ಟೀವಿಗಳು, ಸವೆದ ಕುರ್ಚಿಗಳು, ಬಿಸಿಯೇರಿದ ಪ್ಲಾಸ್ಟಿಕ್ಕಿನ ವಾಸನೆ. ಮುಂದಿನ ಟೀವಿಗಳಲ್ಲಿ ಕಾರು ಓಡಿಸುವವರು, ಚೆಂಡು ಒದೆಯುವವರು. ಕೊನೆಯ ಟೀವಿಯಲ್ಲಿ ಮಾತ್ರ ಗುದ್ದಾಟ. ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಪರದೆಯ ಮೇಲೆ ಇವರದೊಂದು ಗೊಂಬೆ, ಅವರದೊಂದು ಗೊಂಬೆ. ಮೇಲೆ ಎರಡು ಹಳದಿ ಪಟ್ಟಿ. ಏಟು ಬಿದ್ದಷ್ಟೂ ಪಟ್ಟಿ ಸವೆಯುತ್ತದೆ. ಯಾರ ಪಟ್ಟಿ ಮೊದಲು ಮುಗಿಯಿತೋ ಅವರು ಆ ಸುತ್ತು ಸೋತಂತೆ. ಮೂರು ಸುತ್ತು ಗೆದ್ದವರದು ಆಟ. ಜನ ಹಣ ಹೂಡುತ್ತಿದ್ದುದು ಆ ಕೊನೆಯ ಟೀವಿಯ ಮೇಲೆ.

ಹೂಡುವುದಕ್ಕೂ ಅಲ್ಲಿ ಒಂದು ಶಿಸ್ತಿತ್ತು. ಅಂಗಡಿಯ ಯಜಮಾನನನ್ನು ಎಲ್ಲರೂ ಡಬ್ಬಿಯಣ್ಣ ಅನ್ನುತ್ತಿದ್ದರು. ಆಡುವ ಇಬ್ಬರು ತಮ್ಮ ಪಣವನ್ನು ಎಲ್ಲರೆದುರಿಗೇ ಅವನ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ನೋಡುವವರು ಹಾಗಲ್ಲ, ಒಬ್ಬೊಬ್ಬರಾಗಿ ಒಳಕೋಣೆಗೆ ಹೋಗಿ, ಯಾರ ಮೇಲೆ ಎಷ್ಟು ಎಂದು ಅವನ ಕಿವಿಯಲ್ಲಿ ಹೇಳಿ, ಕಾಗದದಲ್ಲಿ ಸುತ್ತಿ ಕೊಟ್ಟು ಬರಬೇಕು. ಡಬ್ಬಿಯ ಮುಚ್ಚಳ ಬಿದ್ದ ಮೇಲೆ ಡಬ್ಬಿಯಣ್ಣನ ಬಾಯಿಯೂ ಮುಚ್ಚಿತು. ಆಟ ಮುಗಿಯುವ ತನಕ ಯಾರು ಯಾರ ಕಡೆ ಎಂದು ಅವನ ಹೆಂಡತಿ ಕೇಳಿದರೂ ಹೇಳುವವನಲ್ಲ. ಆಡುವವರ ಮನಸ್ಸು ಕೆಡಬಾರದು ಎಂದು ಈ ಕಟ್ಟುಪಾಡು.

ಇನ್ನೊಂದಿತ್ತು. ಸುತ್ತು ನಡೆಯುವಾಗ ಆಟ ನಿಲ್ಲಿಸಿದವರು ಆ ಸುತ್ತು ಸೋತಂತೆ. ಬೆರಳು ಜಾರಿ ನಿಲ್ಲಿಸುವ ಗುಂಡಿ ಒತ್ತಿದೆ ಅಂದರೂ ಕೇಳುವವರಿಲ್ಲ. ಆ ಆಟ ನಿಂತಿರುವುದೇ ರೆಪ್ಪೆ ಬಡಿಯುವಷ್ಟು ಹೊತ್ತಿನ ಮೇಲೆ. ನಡುವೆ ನಿಂತು ಮತ್ತೆ ಹೊರಟರೆ ಹೊಡೆಯಲು ಹೊರಟವನ ಹೊಡೆತ ಹಾಳು. ನೋಡುವವರಿಂದ ಆಟ ನಿಂತರೂ ಅಷ್ಟೆ. ನಿಲ್ಲಿಸಿದವನು ಯಾರ ಮೇಲೆ ಹೂಡಿದ್ದಾನೋ ಅವರು ಆ ಸುತ್ತು ಸೋತಂತೆ. ಏನೂ ಹೂಡದವನಾದರೆ ಆ ಸುತ್ತನ್ನು ಹೊಸದಾಗಿ ಆಡುವುದು. ಹೂಡಿದ್ದೀಯಾ ಇಲ್ಲವಾ ಎಂದು ಕೇಳಿದಾಗ ಅವರವರೇ ನಿಜ ಹೇಳಬೇಕು. ಇಷ್ಟರ ಮೇಲೆ ಆ ಅಂಗಡಿ ಜಗಳವಿಲ್ಲದೆ ನಡೆದು ಬಂದಿತ್ತು.

ಮೇಷ್ಟ್ರು ಪ್ರತಿ ಭಾನುವಾರ ಮಗಳ ಎಡಕ್ಕೆ ಕೂರುತ್ತಿದ್ದರು. ಕೂರುವುದಕ್ಕೆ ಒಂದು ಷರತ್ತಿತ್ತು. ತುಂಬಾ ಹಿಂದೆ, ಗುಬ್ಬಿ ಆಡಲು ಶುರುಮಾಡಿದ ಹೊಸತರಲ್ಲಿ, ಮೇಷ್ಟ್ರು ಹೆಮ್ಮೆಯಿಂದ ಉಬ್ಬಿಹೋಗಿ ಅವಳ ಮೇಲೆ ಹಣ ಇಟ್ಟಿದ್ದರು. ಅವಳು ಸೋತಳು. ಮೇಷ್ಟ್ರು ಬೈಯಲಿಲ್ಲ, ಆದರೆ ಮನೆಯ ತನಕ ಒಂದು ಮಾತೂ ಆಡಲಿಲ್ಲ. ಬಾಗಿಲಲ್ಲಿ ಮಗಳೇ ಹೇಳಿದಳು.

"ಅಪ್ಪಾ, ನೀನು ಬಾ, ನನ್ನ ಪಕ್ಕದಲ್ಲೇ ಕೂತ್ಕೋ. ಆದ್ರೆ ನನ್ನ ಮೇಲೆ ದುಡ್ಡಿಡಬೇಡ. ನೀನು ದುಡ್ಡಿಟ್ರೆ ನಂಗೆ ಪರದೆ ಕಾಣಲ್ಲ, ನಿನ್ನ ಮುಖ ಕಾಣತ್ತೆ."

"ಆಯ್ತು ಬಿಡು ಮಗಾ. ಇನ್ನು ಮುಟ್ಟಲ್ಲ," ಅಂದಿದ್ದರು ಮೇಷ್ಟ್ರು, ಅವಳ ತಲೆ ಸವರಿ.

ಆ ಮಾತನ್ನು ಬಹಳ ಕಾಲ ಉಳಿಸಿಕೊಂಡರು. ಅದು ನಿಜ, ಅದನ್ನು ಅವರಿಂದ ಕಿತ್ತುಕೊಳ್ಳಬಾರದು. ಆಮೇಲೆ ಊರಿಗೆ ಇನ್ನೊಂದು ಡ್ರೈವಿಂಗ್ ಸ್ಕೂಲು ಬಂತು. ಅವರದು ತಂಪು ಗಾಳಿಯ ಕಾರುಗಳು, ನಗುಮುಖದ ಹುಡುಗಿಯ ದೊಡ್ಡ ಬೋರ್ಡು. ಮೇಷ್ಟ್ರ ಬಳಿ ಕಲಿಯಲು ಬರುವವರು ಕಡಿಮೆಯಾದರು. ಗುಬ್ಬಿ ಮಾತ್ರ ವಾರ ವಾರ ಗೆಲ್ಲುತ್ತಿದ್ದಳು. ಕಣ್ಣೆದುರಿಗೇ ಗೆಲ್ಲುವ ಮಗಳು, ಒಳಕೋಣೆಯಲ್ಲಿ ಗುಟ್ಟು ಬಿಡದ ಡಬ್ಬಿಯಣ್ಣ. ಒಂದು ಭಾನುವಾರ ಮೇಷ್ಟ್ರು ಮೂತ್ರಕ್ಕೆ ಹೋಗಿ ಬರುತ್ತೇನೆಂದು ಎದ್ದವರು ಒಳಕೋಣೆಗೆ ಹೋಗಿ ಬಂದರು. ಅವತ್ತು ಸಣ್ಣದೊಂದು ನೋಟು. ಮುಂದಿನ ವಾರ ಅದಕ್ಕಿಂತ ದೊಡ್ಡದು. ಕಳ್ಳತನ ಅನ್ನಿಸಲಿಲ್ಲ, ಅವಳಿಗೆ ಗೊತ್ತಿಲ್ಲದ ಮೇಲೆ ನನ್ನ ಮುಖ ಅವಳಿಗೆ ಹೇಗೆ ಕಾಣುತ್ತದೆ ಎಂದು ತಮಗೆ ತಾವೇ ವಕೀಲಿ ಮಾಡಿಕೊಂಡರು.

ಮನೆಗೆ ಹೊಸ ಫ್ರಿಜ್ಜು ಬಂತು. ಎರಡು ಬಾಗಿಲಿನದು, ಅಡುಗೆಮನೆಯ ಅರ್ಧ ಜಾಗ ನುಂಗಿ ನಿಂತಿತು.

"ರೀ, ಕಲಿಯೋಕೆ ಬರೋರು ಕಮ್ಮಿ ಆಗ್ತಿದ್ದಾರೆ, ಫ್ರಿಜ್ಜು ದೊಡ್ಡದಾಗ್ತಿದೆ. ಏನ್ರೀ ಸಮಾಚಾರ?" ಅಂದಳು ಹೆಂಡತಿ.

"ಹಳೇ ಬಾಕಿ ವಸೂಲಾಯ್ತು ಮಾರಾಯ್ತಿ," ಅಂದರು ಮೇಷ್ಟ್ರು. ಫ್ರಿಜ್ಜಿನ ಒಳಗೆ ತಲೆ ಹಾಕಿ ಏನೋ ಹುಡುಕುವವರಂತೆ ನಿಂತರು.

ಹೀಗೆ ನಡೆಯುತ್ತಿರುವಾಗ ಅಂಗಡಿಗೆ ಬ್ರೆಡ್ಡು ಎಂಬ ಅಡ್ಡಹೆಸರಿನವನು ಬಂದ. ಬೇಕರಿಯ ಒಲೆಯ ಮುಂದೆ ದುಡಿಯುವ ಗಟ್ಟಿ ಆಳು. ಮೊಣಕೈವರೆಗೂ ಸುಟ್ಟ ಗೆರೆಗಳು, ಮಾತು ಮೆತ್ತಗೆ. ಅವನನ್ನು ಅಲ್ಲಿಯವರೆಗೆ ಯಾರೂ ಸೋಲಿಸಿರಲಿಲ್ಲ. ಗುಬ್ಬಿಗೂ ಅವನಿಗೂ ಆಟ ನಿಗದಿಯಾದ ದಿನದಿಂದ ಇಡೀ ಅಂಗಡಿಗೆ ಬೇರೆ ಮಾತಿಲ್ಲ. ಮೇಷ್ಟ್ರಿಗೆ ನಿದ್ದೆ ಹಾರಿಹೋಯಿತು. ಗೆದ್ದರೆ ಇನ್ನೊಂದು ಕಾರು ಕೊಳ್ಳಬಹುದು, ಬೋರ್ಡು ಬದಲಿಸಬಹುದು, ಆ ತಂಪು ಗಾಳಿಯವರ ಹೊಟ್ಟೆ ಉರಿಸಬಹುದು. ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಇದ್ದದ್ದು ಬಿಳಿ ಕಾರು.

ಆ ಭಾನುವಾರ ಅಂಗಡಿಯ ಹಿಂದಿನ ಬಯಲಿನಲ್ಲಿ ಕಾರು ನಿಲ್ಲಿಸಿ, ಮಗಳು ಮುಂದೆ ಹೋದ ಮೇಲೆ, ಮೇಷ್ಟ್ರು ಒಳಕೋಣೆಗೆ ನುಗ್ಗಿ ಕೀ ತೆಗೆದು ಮೇಜಿನ ಮೇಲಿಟ್ಟರು.

ಡಬ್ಬಿಯಣ್ಣ ಕೀಯನ್ನೂ ಮೇಷ್ಟ್ರನ್ನೂ ನೋಡಿದ. "ಮೇಷ್ಟ್ರೇ, ಇದು ಬೇಡ. ಇದು ನಿಮ್ಮ ಅನ್ನ."

"ಅನ್ನ ಡಬಲ್ ಆಗ್ಲಿ ಅಂತಾನೇ ಇಡ್ತಿರೋದು. ನಿನ್ನ ಕೆಲಸ ನೀನು ಮಾಡಪ್ಪ."

"ಮಗಳಿಗೆ ಗೊತ್ತಾ?"

"ಅವಳು ಗೆಲ್ತಾಳೆ. ಅಷ್ಟು ಗೊತ್ತು ನಂಗೆ."

ಡಬ್ಬಿಯಣ್ಣ ನಿಟ್ಟುಸಿರು ಬಿಟ್ಟು ಕೀಯನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದ. ಕಾರಿನ ಬೆಲೆಗೆ ಸರಿಯಾಗಿ ಬ್ರೆಡ್ಡಿನ ಕಡೆಯಿಂದ ಹಣ ಕಟ್ಟುವವನೊಬ್ಬನೂ ಸಿಕ್ಕಿದ್ದ. ಮುಚ್ಚಳ ಬಿತ್ತು.

ಆಟ ಶುರುವಾಯಿತು. ಬ್ರೆಡ್ಡಿನ ಗೊಂಬೆ ಎಮ್ಮೆಗಾತ್ರದ ಜಟ್ಟಿ. ಹತ್ತಿರ ಸಿಕ್ಕರೆ ಎತ್ತಿ ಒಗೆಯುತ್ತಾನೆ. ಗುಬ್ಬಿಯದು ಕೋಲು ಹಿಡಿದ ಮುದುಕಿ. ಆ ಮುದುಕಿಯನ್ನು ಬೇರೆ ಯಾರೂ ಆರಿಸಿಕೊಳ್ಳುತ್ತಿರಲಿಲ್ಲ, ಅವಳ ಏಟಿನಲ್ಲಿ ಜೋರಿಲ್ಲ ಎಂದು. ಆದರೆ ಎದುರಿನವನ ಹೊಡೆತ ಮೈಗೆ ತಾಕುವ ಆ ಒಂದೇ ಗಳಿಗೆಗೆ ಸರಿಯಾಗಿ ಕೋಲು ಅಡ್ಡ ಹಿಡಿದರೆ ಹೊಡೆದವನೇ ತತ್ತರಿಸುತ್ತಾನೆ. ಒಂದು ಕೂದಲೆಳೆ ಮುಂಚೆ ಹಿಡಿದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಗುಬ್ಬಿಯ ಆಟವೆಲ್ಲ ಇಷ್ಟೇ. ತಾನಾಗಿ ಹೋಗಿ ಹೊಡೆಯುವುದಿಲ್ಲ, ಕಾಯುತ್ತಾಳೆ. ಪಟ್ಟಿ ಸವೆದು ಗೆರೆಯಷ್ಟೇ ಉಳಿದರೂ ಕಾಯುತ್ತಾಳೆ. ನೋಡುವವರ ಉಗುರೆಲ್ಲ ಹಲ್ಲಿನ ಪಾಲಾಗುತ್ತಿತ್ತು. ಮೇಷ್ಟ್ರು ಮಾತ್ರ ಈ ತನಕ ಹಾಯಾಗಿ ಕಾಲ ಮೇಲೆ ಕಾಲು ಹಾಕಿ ಕೂತು, "ಸುಮ್ನಿರ್ರೋ, ಅವಳಿಗೆ ಗೊತ್ತು," ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಹಣ ಇಟ್ಟ ದಿನಗಳಲ್ಲೂ ಹಾಗೇ ಕೂತಿದ್ದರು. ಹೋದರೆ ಹೋಗಲಿ ಅನ್ನಬಹುದಾದ ಹಣ ಅದು.

ಇವತ್ತು ಮೊದಲ ಸುತ್ತು ಬ್ರೆಡ್ಡಿಗೆ ಹೋಯಿತು. ಎರಡನೆಯದು ಗುಬ್ಬಿಗೆ. ಮತ್ತೆ ಅವನಿಗೊಂದು, ಮತ್ತೆ ಅವಳಿಗೊಂದು. ಕೊನೆಯ ಸುತ್ತಿಗೆ ಬಂದಾಗ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಾಲ ಮೇಲಿನ ಕಾಲು ಯಾವಾಗ ನೆಲಕ್ಕಿಳಿಯಿತೋ ಅವರಿಗೆ ತಿಳಿಯದು. ಮೇಜಿನ ಕೆಳಗೆ ಟೀವಿಗೂ ಆಟದ ಪೆಟ್ಟಿಗೆಗೂ ಕರೆಂಟು ಕೊಡುವ ಸ್ವಿಚ್ ಬೋರ್ಡು ನೆಲದ ಮೇಲೇ ಬಿದ್ದಿತ್ತು, ಕೆಂಪು ಸ್ವಿಚ್ಚಿನದು. ಅದನ್ನು ಗೋಡೆಗೆ ಬಡಿಯಬೇಕು ಎಂದು ಡಬ್ಬಿಯಣ್ಣ ಹೇಳುತ್ತಲೇ ಇದ್ದ, ಬಡಿದಿರಲಿಲ್ಲ.

ಪರದೆಯ ಮೇಲೆ ಮುದುಕಿಯ ಪಟ್ಟಿ ಗೆರೆಯಷ್ಟು ಉಳಿದಿತ್ತು. ಜಟ್ಟಿಯದೂ ಹೆಚ್ಚೇನಿರಲಿಲ್ಲ. ಗುಬ್ಬಿ ಅಲುಗಾಡದೆ ಕೂತಿದ್ದಳು. ಜಟ್ಟಿ ಎರಡೂ ತೋಳು ಚಾಚಿ ಮುದುಕಿಯ ಮೇಲೆ ಹಾರಿದ. ಹಾರಿದವನು ಬರುತ್ತಿದ್ದಾನೆ, ಬರುತ್ತಿದ್ದಾನೆ, ಮಗಳ ಬೆರಳು ಇನ್ನೂ ಗುಂಡಿಯ ಮೇಲೆ ಸುಮ್ಮನೇ ಇದೆ. ಮೇಷ್ಟ್ರ ಕಣ್ಣಿಗೆ ಜಟ್ಟಿ ಕಾಣಲಿಲ್ಲ. ಬಿಳಿ ಕಾರು ಕಂಬಕ್ಕೆ ಹೋಗುತ್ತಿರುವುದು ಕಂಡಿತು.

ಕಾಲು ಒತ್ತಿತು.

ಪಟಕ್ಕೆಂದು ಟೀವಿ ಆರಿತು. ಕಪ್ಪು ಗಾಜಿನ ಮೇಲೆ ಸುತ್ತ ನಿಂತವರ ಮುಖಗಳು ಮಾತ್ರ ಉಳಿದವು. ಯಾರೋ ಕರೆಂಟು ಹೋಯಿತು ಅಂದರು. ಪಕ್ಕದ ಟೀವಿಯಲ್ಲಿ ಕಾರು ಓಡುತ್ತಲೇ ಇತ್ತು. ಎಲ್ಲರೂ ಬಗ್ಗಿ ಮೇಜಿನ ಕೆಳಗೆ ನೋಡಿದರು. ಮೇಷ್ಟ್ರ ಚಪ್ಪಲಿ ಕೆಂಪು ಸ್ವಿಚ್ಚಿನ ಮೇಲೆ ಇನ್ನೂ ಬಲವಾಗಿ ಊರಿತ್ತು.

"ಅಯ್ಯೋ," ಅಂದರು ಮೇಷ್ಟ್ರು. "ಅಯ್ಯೋ, ನಾನು... ಕಾಲು ಕಣ್ರೋ. ಅಭ್ಯಾಸ."

ಒಬ್ಬಿಬ್ಬರು ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಡಬ್ಬಿಯಣ್ಣ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅವನ ಮುಖ ಬಾಡಿತ್ತು.

"ಕೇಳ್ಲೇಬೇಕು ಮೇಷ್ಟ್ರೇ, ತಪ್ಪು ತಿಳೀಬೇಡಿ. ಈ ಆಟದ ಮೇಲೆ ನೀವೇನಾದ್ರೂ ಇಟ್ಟಿದ್ದೀರಾ?"

ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಮೇಷ್ಟ್ರಿಗೂ ಗೊತ್ತಿತ್ತು. ಹೌದು ಅಂದರೆ ಸುತ್ತು ಬ್ರೆಡ್ಡಿಗೆ, ಆಟ ಬ್ರೆಡ್ಡಿಗೆ, ಕಾರು ಹೋಯಿತು, ಮಗಳ ಮುಂದೆ ಮಾನವೂ ಹೋಯಿತು. ಇಲ್ಲ ಅಂದರೆ ಸುತ್ತು ಹೊಸದಾಗಿ. ಅವಳು ಗೆದ್ದೇ ಗೆಲ್ಲುತ್ತಾಳೆ. ಗೆದ್ದರೆ ಡಬ್ಬಿಯಣ್ಣನ ಕೈಕಾಲು ಹಿಡಿದಾದರೂ ಬಾಯಿ ಮುಚ್ಚಿಸಬಹುದು. 

ಅಷ್ಟರಲ್ಲಿ ಗುಬ್ಬಿ ಹೇಳಿದಳು, "ಇಲ್ಲ. ನಮ್ಮಪ್ಪ ನನ್ನ ಮೇಲೆ ದುಡ್ಡಿಡಲ್ಲ ಅಂತ ಮಾತು ಕೊಟ್ಟಿದ್ದಾರೆ." ಆಮೇಲೆ ಅವರ ಕಡೆ ತಿರುಗಿ ಕೂತಳು. "ಅಲ್ವಾಪ್ಪಾ?"

ಅವಳು ಅವಸರ ಮಾಡಲಿಲ್ಲ. ಕಣ್ಣು ಅವರ ಮುಖದ ಮೇಲೇ ಇತ್ತು.

"ಛೆ ಛೆ," ಅಂದರು ಮೇಷ್ಟ್ರು. "ನಾನೆಲ್ಲಿ ಇಡ್ತೀನಿ. ಇಲ್ಲಪ್ಪ."

ಡಬ್ಬಿಯಣ್ಣ ತಲೆ ತಗ್ಗಿಸಿದ. ಬ್ರೆಡ್ಡು ಒಳ್ಳೆಯವನು. "ಪಾಪ, ಬೇಕಂತ ಮಾಡ್ತಾರಾ? ಹೊಸದಾಗಿ ಆಡೋಣ ಬಿಡಿ," ಅಂದ. ಸ್ವಿಚ್ಚು ಮತ್ತೆ ಹಾಕಿದರು. ಪೆಟ್ಟಿಗೆ ಗುಂಯ್ ಎಂದು ಎಚ್ಚರಗೊಂಡಿತು. ಇಬ್ಬರೂ ತಮ್ಮ ತಮ್ಮ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡರು. ಆಡುವ ಮುಂಚೆ ಎಲ್ಲರೂ ಮಾಡುವುದೇ ಅದು, ಯಾವ ಗುಂಡಿ ಏನು ಎಂದು ಆಮೇಲೆ ತಕರಾರು ಬರಬಾರದಲ್ಲ. ನಿಲ್ಲಿಸುವ ಗುಂಡಿಯ ಮೇಲೆ ಗುಬ್ಬಿಯ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

ಸುತ್ತು ಮತ್ತೆ ಶುರುವಾಯಿತು. ಗುಬ್ಬಿ ಅಂಥ ಆಟ ಹಿಂದೆಂದೂ ಆಡಿರಲಿಲ್ಲ. ಜಟ್ಟಿ ಬಂದಾಗಲೆಲ್ಲ ಕೋಲು ಅಡ್ಡ ಬಂತು. ಬಂದ ಪೆಟ್ಟೆಲ್ಲ ಅವನಿಗೇ ತಿರುಗಿತು. ಮುದುಕಿಯ ಪಟ್ಟಿ ತುಂಬಿಯೇ ಇತ್ತು, ಜಟ್ಟಿಯದು ಗೆರೆಯಾಗಿತ್ತು. ಜನ ಕೂಗತೊಡಗಿದರು. ಬ್ರೆಡ್ಡು ಬೆವರುತ್ತಿದ್ದ. ಮೇಷ್ಟ್ರು ಎರಡೂ ಕೈಯಲ್ಲಿ ತಮ್ಮ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಇನ್ನೊಂದೇ ಏಟು. ಮನಸ್ಸಿನಲ್ಲಿ ಆಗಲೇ ಎರಡನೆಯ ಕಾರು ಮನೆ ಮುಂದೆ ಬಂದು ನಿಂತಿತ್ತು.

ಗುಬ್ಬಿ ಒಮ್ಮೆ ಎಡಕ್ಕೆ ತಿರುಗಿ ಅಪ್ಪನ ಮುಖ ನೋಡಿದಳು. ಆಮೇಲೆ ನಿಲ್ಲಿಸುವ ಗುಂಡಿ ಒತ್ತಿದಳು.

ಎರಡೂ ಗೊಂಬೆಗಳು ನಿಂತಲ್ಲೇ ನಿಂತವು. ಬೆರಳು ಜಾರಿದ್ದಲ್ಲ, ಹಿಂದೆ ನಿಂತವರೆಲ್ಲ ಕಣ್ಣಾರೆ ಕಂಡರು.

"ಏಯ್ ಗುಬ್ಬಿ! ಏನ್ಮಾಡ್ದೆ?" ಅಂದ ಬ್ರೆಡ್ಡು.

"ಸುತ್ತು ನಿಂದು," ಅಂದಳು ಗುಬ್ಬಿ. "ಮೊದ್ಲೇ ನಿಂದಾಗಿತ್ತು." ಎದ್ದು ನಿಂತು ಡಬ್ಬಿಯಣ್ಣನ ಕಡೆ ತಿರುಗಿದಳು. "ಅಣ್ಣ, ಆಟ ಮುಗೀತು. ಈಗ ಬಾಯಿ ಬಿಡಬಹುದಲ್ಲ. ನಮ್ಮಪ್ಪ ಏನಿಟ್ಟಿದ್ರು?"

ಡಬ್ಬಿಯಣ್ಣ ಡಬ್ಬಿ ತೆರೆದು, ಕಾಗದ ಬಿಡಿಸಿ, ಕೀಯನ್ನು ಮೇಜಿನ ಮೇಲಿಟ್ಟ. ಕೀಗೆ ಕೆಂಪು ಪ್ಲಾಸ್ಟಿಕ್ಕಿನ ಪುಟ್ಟದೊಂದು ಬಿಲ್ಲೆ ಇತ್ತು. ಶಾಲೆಗೆ ಹೋಗುವಾಗ ಗುಬ್ಬಿಯೇ ಕತ್ತರಿಸಿ ಮಾಡಿಕೊಟ್ಟದ್ದು. ಹಣ ಇಟ್ಟಿರಬಹುದು ಎಂದು ಅವಳು ಎಣಿಸಿದ್ದಳು, ಕಾರು ಎಂದು ಎಣಿಸಿರಲಿಲ್ಲ.  ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮೇಷ್ಟ್ರಿಗೆ ಅಲ್ಲೇ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಬ್ರೆಡ್ಡಿನ ಮೇಲೆ ಹಣ ಕಟ್ಟಿದ್ದವನು ಗುಜರಿ ವ್ಯಾಪಾರಿ. ಕೆಟ್ಟವನಲ್ಲ, ಆದರೆ ಪಣ ಪಣವೇ. ಬಯಲಿಗೆ ಹೋಗಿ ಕಾರನ್ನು ಸುತ್ತಿ ನೋಡಿ, ಒಳಗೆ ಬಗ್ಗಿ, ತಲೆ ಕೆರೆದುಕೊಂಡ.

"ಮೇಷ್ಟ್ರೇ, ಈ ಕಡೆ ಬ್ರೇಕು ನನ್ನ ಹೆಂಡತಿ ಕಾಲಿಗೆ ಸಿಕ್ರೆ ನಾನು ಊರೇ ಸೇರಲ್ಲ. ಬಿಚ್ಚಿ ಕೊಡ್ತೀನಿ, ನೀವೇ ಇಟ್ಕೊಳ್ಳಿ."

ಯಾರಿಗೂ ನಗು ಬರಲಿಲ್ಲ. ಅವನು ಸ್ಪ್ಯಾನರು ತರಿಸಿ ಎರಡು ಪೆಡಲುಗಳನ್ನು ಬಿಚ್ಚಿ ಹಳೆಯ ಚೀಲವೊಂದಕ್ಕೆ ಹಾಕಿ ಕೊಟ್ಟ. ಮೇಷ್ಟ್ರು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡರು.

ಬಸ್ ನಿಲ್ದಾಣದವರೆಗೆ ಮಗಳು ಮುಂದೆ, ಅಪ್ಪ ಹಿಂದೆ. ಇನ್ನೂ ಬಿಸಿಲಿತ್ತು. ನಿಲ್ದಾಣದ ಕಲ್ಲಿನ ಮೇಲೆ ಕೂತ ಮೇಲೆ ಮೇಷ್ಟ್ರೇ ಬಾಯಿ ತೆರೆದರು.

"ಗೆಲ್ತಿದ್ದೆ ಮಗಾ. ಒಂದೇ ಒಂದು ಏಟು. ಯಾಕೆ ನಿಲ್ಲಿಸಿದೆ?"

"ಅದು ನನ್ನ ಸುತ್ತಾಗಿರ್ಲಿಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು?"

"ಟೀವಿ ಆರಿದಾಗ್ಲೇ. ಇಷ್ಟು ವರ್ಷ ನಾನು ಎಷ್ಟು ಸಲ ಸಾಯೋ ಹಾಗಾಗಿದ್ದೀನಿ ಆಟದಲ್ಲಿ. ನಿನ್ನ ಕಾಲು ಒಂದು ಸಲಾನೂ ಎದ್ದಿಲ್ಲ. ಅಮ್ಮ ಹೇಳ್ತಾಳಲ್ಲ, ನಿನ್ನದಾದ್ರೆ ಮಾತ್ರ ಅದು ಏಳೋದು."

ಮೇಷ್ಟ್ರು ಚೀಲವನ್ನು ತೊಡೆಯಿಂದ ಇಳಿಸಿ ಮತ್ತೆ ತೊಡೆಯ ಮೇಲಿಟ್ಟುಕೊಂಡರು. "ಗೊತ್ತಿದ್ದೂ, ಎಲ್ಲರ ಮುಂದೆ, ನಮ್ಮಪ್ಪ ಇಡಲ್ಲ ಅಂತ ಯಾಕಂದೆ?"

"ನೀನೇ ಹೇಳ್ತೀಯ ಅಂತ," ಅಂದಳು ಗುಬ್ಬಿ.  "ಇಲ್ಲ ಮಗಾ, ಇಟ್ಟಿದ್ದೀನಿ ಅಂತ ನೀನೇ ಹೇಳ್ತೀಯ ಅಂತ ಕಾದೆ. ಆಟದಲ್ಲಿ ಎಂಥೋರೂ ಕಾದ್ರೆ ಬಂದೇ ಬರ್ತಾರೆ ಕಣಪ್ಪಾ. ನೀನು ಬರ್ಲಿಲ್ಲ."

ಬಸ್ಸು ಬಂತು. ಅವಳು ಮುಂದೆ ಹೋಗಿ ಯಾರೋ ಅಪರಿಚಿತ ಹೆಂಗಸಿನ ಪಕ್ಕ ಕೂತಳು. ಮೇಷ್ಟ್ರಿಗೆ ಹಿಂದಿನ ಸೀಟು ಸಿಕ್ಕಿತು. ಅವತ್ತು ಬಸ್ಸಿನಲ್ಲಿ ಅವರಿಗೆ ನಿದ್ದೆ ಬರಲಿಲ್ಲ. ಮುಂದೆ ಕಾಣುತ್ತಿದ್ದ ಆ ಸಣ್ಣ ತಲೆಯನ್ನು ನೋಡುತ್ತಾ, ನನ್ನದು ಅಂತ ಜೀವಮಾನವೆಲ್ಲ ಯಾವುದಕ್ಕೆ ಬ್ರೇಕು ಒತ್ತಿದೆ ಎಂದು ಯೋಚಿಸಿದರು.

ಮನೆಯ ಬಾಗಿಲು ತೆಗೆದ ಹೆಂಡತಿ ಮೊದಲು ಮಗಳನ್ನು, ಆಮೇಲೆ ಗಂಡನನ್ನು, ಆಮೇಲೆ ಖಾಲಿ ರಸ್ತೆಯನ್ನು ನೋಡಿದಳು.

"ಕಾರೆಲ್ರೀ? ಕೆಟ್ಟೋಯ್ತಾ?"

ಹೌದು, ಕೆಟ್ಟುಹೋಯಿತು, ಗ್ಯಾರೇಜಿನಲ್ಲಿದೆ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದೇ ಬಂತು. ಎಷ್ಟು ಸಲೀಸಾದ ಮಾತು. ಮಗಳು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳಬಹುದಿತ್ತು. ಹೋಗಲಿಲ್ಲ. ಗೋಡೆಗೆ ಒರಗಿ, ಕೈಕಟ್ಟಿ, ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಅವಳು ಹಾಗೆ ಕಾಯುವುದನ್ನು ಮೇಷ್ಟ್ರು ಎಷ್ಟೋ ಭಾನುವಾರ ಪಕ್ಕದಿಂದ ನೋಡಿದ್ದರು, ಇವತ್ತಿನ ತನಕ ಎದುರಿನಿಂದ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜು ಸಣ್ಣಗೆ ಗುಂಯ್‌ಗುಡುತ್ತಿತ್ತು.

ಮೇಷ್ಟ್ರು ಚೀಲವನ್ನು ಹೊಸ್ತಿಲ ಪಕ್ಕ ಕೆಳಗಿಟ್ಟರು.

"ಕಾರಿನ ವಿಷಯ ಆಮೇಲೆ ಹೇಳ್ತೀನಿ ಕಣೇ," ಅಂದರು. "ಮೊದ್ಲು ಆ ಫ್ರಿಜ್ಜಿನ ವಿಷಯ ಹೇಳ್ಬೇಕು."